ಜಗನ್ಮೋಹನದ ಚಿತ್ರಶಾಲೆ

ಭವಭೂತಿಯ ಉತ್ತರರಾಮಚರಿತದ ಪ್ರಥಮಾಂಕದಲ್ಲಿ ಚಿತ್ರದರ್ಶನದ ಪ್ರಸಂಗವೊಂದುಂಟು. ಪೂರ್ಣಗರ್ಭಿಣಿಯಾದ ಸೀತೆಯ ಮನಸ್ಸಿಗೆ ವಿನೋದವಾಗಲೆಂದು ಲಕ್ಷ್ಮಣನು ಅರಮನೆಯ ಭಿತ್ತಿಯಲ್ಲಿ ಬರೆಯಿಸಿದ ರಾಮಚರಿತೆಯ ಚಿತ್ರಗಳನ್ನು ತೋರಿಸುತ್ತಾನೆ. ನೋಡುವವರು ಮೂವರು, ಚಿತ್ರಿತರಾದವರೂ ಆ ಮೂವರೇ. ಊರ್ಮಿಳೆಯ ಚಿತ್ರವನ್ನು ತೋರಿಸಿ ಇವಳಾರೆಂದು ಸೀತೆಯು ಕೇಳಿದಾಗ ಲಕ್ಷ್ಮಣನು ನಾಚಿ ಮುಂದಿನ ಚಿತ್ರಕ್ಕೆ ನಡೆಯುತ್ತಾನೆ. ಮಂಥರೆಯ ಚಿತ್ರ ಬಂದಾಗ ರಾಮನು ಅದನ್ನು ಕಾಣದವನಂತೆ ಬೇರೆ ಮಾತು ತೆಗೆಯುತ್ತಾನೆ. ಶೂರ್ಪನಖಿಯನ್ನು ಕಂಡು ಸೀತೆಯು ಬೆದರಿದಾಗ, ಇದು ಕೇವಲ ಚಿತ್ರವೆಂದು ಅವಳನ್ನು ಸಂತೈಸಬೇಕಾಗುತ್ತದೆ. ನೋಟವು ಮುಗಿಯುವ ಹೊತ್ತಿಗೆ ಸೀತೆಗೆ ಮತ್ತೆ ಆ ವನಗಳನ್ನೂ ಭಾಗೀರಥಿಯನ್ನೂ ಕಾಣಬೇಕೆಂಬ ಬಯಕೆ ಹುಟ್ಟುತ್ತದೆ. ಆ ಬಯಕೆಯೇ ಅವಳ ಪರಿತ್ಯಾಗಕ್ಕೆ ನೆಪವಾಗುತ್ತದೆ. ಚಿತ್ರವೆಂಬುದು ಗೋಡೆಯ ಅಲಂಕಾರ ಮಾತ್ರವಲ್ಲ, ನೋಡಿದವರ ಬಾಳಿನೊಳಕ್ಕೆ ಇಳಿದು ಕೆಲಸಮಾಡುವ ವಸ್ತುವೆಂಬುದನ್ನು ನಮ್ಮ ಕವಿಗಳು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರೆಂಬುದಕ್ಕೆ ಇದೊಂದೇ ಪ್ರಸಂಗ ಸಾಕು.

ಅಲ್ಲಿ ಮನೆಯೂ ನೋಡುವವರದೇ, ಕಥೆಯೂ ನೋಡುವವರದೇ. ಮನೆಯು ಒಬ್ಬರದು, ಚಿತ್ರವು ಮತ್ತೊಬ್ಬರದು, ನೋಡುವವನು ಚೀಟಿ ಕೊಂಡು ಒಳಹೊಕ್ಕ ದಾರಿಹೋಕನಾದರೆ ಆಗ ಏನಾಗುವುದು? ಚಿತ್ರಕ್ಕೂ ನೋಡುವವನಿಗೂ ನಡುವೆ ಇದ್ದ ಆ ಬಾಂಧವ್ಯವು ಉಳಿಯುವುದೇ? ಈ ಪ್ರಶ್ನೆಯನ್ನು ವಿಚಾರಮಾಡಲು ಮೈಸೂರಿನ ಜಗನ್ಮೋಹನ ಅರಮನೆಗಿಂತ ತಕ್ಕ ಸ್ಥಳವು ಕನ್ನಡನಾಡಿನಲ್ಲಿ ಇಲ್ಲವೆಂದೇ ಹೇಳಬೇಕು.

ಈ ಭವನವು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ, ನಿರ್ಮಿತವಾಯಿತು. 1897ರಲ್ಲಿ ರಾಜಕುಮಾರಿಯ ವಿವಾಹಕಾಲದಲ್ಲಿ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾದ ಮೇಲೆ, ಹೊಸ ಅರಮನೆಯು 1912ರಲ್ಲಿ ಸಿದ್ಧವಾಗುವವರೆಗೂ ರಾಜಕುಟುಂಬವು ಇಲ್ಲಿಯೇ ವಾಸಮಾಡಿತು. ನಾಲ್ವಡಿ ಕೃಷ್ಣರಾಜ ಒಡೆಯರ ವಿವಾಹವು 1900ರಲ್ಲಿಯೂ, ಲಾರ್ಡ್ ಕರ್ಜನ್ನನ ಸಮ್ಮುಖದಲ್ಲಿ ಅವರ ಅಧಿಕಾರಸ್ವೀಕಾರವು 1902ರಲ್ಲಿಯೂ ಇಲ್ಲಿಯ ಮಂಟಪದಲ್ಲೇ ನಡೆದುವು. 1907ರಲ್ಲಿ ಮೈಸೂರು ಸಂಸ್ಥಾನದ ನ್ಯಾಯವಿಧಾಯಕ ಸಭೆಯು ಮೊದಲು ಕೂಡಿದ್ದೂ ಇಲ್ಲಿಯೇ. 1915ರಲ್ಲಿ ಇದು ಚಿತ್ರಶಾಲೆಯಾಯಿತು. 1955ರಲ್ಲಿ ಶ್ರೀ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ ಎಂಬ ಹೆಸರನ್ನು ಪಡೆಯಿತು. ಹೀಗೆ ಒಂದೇ ಕಟ್ಟಡವು ಮೊದಲು ಮನೆ, ಬಳಿಕ ಸಭೆ, ಕಡೆಗೆ ಚಿತ್ರಶಾಲೆ ಎಂಬ ಮೂರು ಅವಸ್ಥೆಗಳನ್ನು ಕಂಡಿದೆ. ಈ ಕ್ರಮವು ಮುಂದಿನ ವಿಚಾರಕ್ಕೆ ಆಧಾರವಾದುದರಿಂದ ವಾಚಕರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ವಿಷ್ಣುಧರ್ಮೋತ್ತರ ಪುರಾಣದ ತೃತೀಯ ಖಂಡದಲ್ಲಿರುವ ಚಿತ್ರಸೂತ್ರವು ನಮ್ಮ ಚಿತ್ರಶಾಸ್ತ್ರಕ್ಕೆ ಮೂಲಗ್ರಂಥಗಳಲ್ಲೊಂದು. ಮಾರ್ಕಂಡೇಯನು ವಜ್ರರಾಜನಿಗೆ ಉಪದೇಶಿಸುವ ಆ ಭಾಗದಲ್ಲಿ ಚಿತ್ರವನ್ನು ಎಲ್ಲಿ ಬರೆಯಬೇಕೆಂಬ ವಿವೇಚನೆಯೂ ಇದೆ. ಗೃಹಸ್ಥರ ಮನೆಗಳಲ್ಲಿ ಶೃಂಗಾರ, ಹಾಸ್ಯ, ಶಾಂತ ಈ ಮೂರು ರಸಗಳ ಚಿತ್ರಗಳಿಗೆ ಮಾತ್ರ ಎಡೆಯುಂಟು. ಯುದ್ಧ, ಮರಣ, ದುಃಖ, ಬೀಭತ್ಸಗಳಿಗೆ ಅಲ್ಲಿ ಸ್ಥಳವಿಲ್ಲ. ರಾಜಸಭೆಯಲ್ಲಿಯೂ ದೇವಾಲಯದಲ್ಲಿಯೂ ಮಾತ್ರ ಸಕಲ ರಸಗಳನ್ನೂ ಬರೆಯಬಹುದು. ಇದನ್ನು ಕೇವಲ ಶಕುನಶಾಸ್ತ್ರವೆಂದು ತಳ್ಳಿಹಾಕುವುದು ಸುಲಭ. ಆದರೆ ಇದರ ಒಳಗೆ ಒಂದು ತತ್ತ್ವವಿದೆ. ಮನೆಯ ಚಿತ್ರವನ್ನು ದಿನವೂ ನೋಡಬೇಕು. ಊಟಮಾಡುತ್ತ, ಮಗುವನ್ನು ಮಲಗಿಸುತ್ತ ನೋಡಬೇಕು. ಅಂತಹ ನೋಟವನ್ನು ತಾಳಿಕೊಳ್ಳುವ ರಸಗಳು ಕೆಲವೇ. ಘೋರವಾದುದನ್ನು ಕಾಣಲು ಮನಸ್ಸನ್ನು ಸಜ್ಜುಮಾಡಿಕೊಂಡು, ಹತ್ತು ಮಂದಿಯ ನಡುವೆ ನಿಂತು ಕಾಣಬೇಕು. ಅದಕ್ಕೆ ಸಭೆಯೇ ತಕ್ಕ ಸ್ಥಳ.

ಈ ಸೂತ್ರವನ್ನು ಕೈಯಲ್ಲಿ ಹಿಡಿದು ಜಗನ್ಮೋಹನದ ಚಿತ್ರಗಳನ್ನು ನೋಡಿದರೆ ಅವು ತಮ್ಮಷ್ಟಕ್ಕೆ ತಾವೇ ವಿಂಗಡವಾಗುತ್ತವೆ. ರಾಜಾ ರವಿವರ್ಮನು 1905-06ರ ಸುಮಾರಿನಲ್ಲಿ, ಅಂದರೆ ತನ್ನ ಆಯುಷ್ಯದ ಕೊನೆಯಲ್ಲಿ, ಮೈಸೂರಿಗಾಗಿ ಬರೆದ ಪೌರಾಣಿಕ ಚಿತ್ರಗಳು ಇಲ್ಲಿವೆ. ಒಂದರಲ್ಲಿ ಇಂದ್ರಜಿತುವು ಸೆರೆಹಿಡಿದ ಶಚೀದೇವಿಯನ್ನು ರಾವಣನ ಮುಂದೆ ತಂದು ನಿಲ್ಲಿಸಿದ್ದಾನೆ. ಮತ್ತೊಂದರಲ್ಲಿ ರಾಮನು ಸಮುದ್ರರಾಜನ ಗರ್ವವನ್ನು ಅಡಗಿಸುತ್ತಿದ್ದಾನೆ. ಇನ್ನೊಂದರಲ್ಲಿ ಶ್ರೀಕೃಷ್ಣನು ಕೌರವರ ಸಭೆಗೆ ರಾಯಭಾರಿಯಾಗಿ ಬಂದಿದ್ದಾನೆ. ಎಲ್ಲಕ್ಕಿಂತ ಘೋರವಾದುದು ಜಟಾಯುವಧೆ. ಒಂದು ಕೈಯಲ್ಲಿ ಸೀತೆಯನ್ನೂ ಮತ್ತೊಂದರಲ್ಲಿ ಖಡ್ಗವನ್ನೂ ಹಿಡಿದ ರಾವಣನು ಪಕ್ಷಿರಾಜನ ರೆಕ್ಕೆಯನ್ನು ಕತ್ತರಿಸಿದ ಕ್ಷಣವದು. ನೋಡಲಾರದೆ ಸೀತೆಯು ಮುಖವನ್ನು ಮುಚ್ಚಿಕೊಂಡಿದ್ದಾಳೆ. ಈ ಚಿತ್ರದಲ್ಲಿ ಮೆಚ್ಚತಕ್ಕದ್ದು ರಾವಣನ ಕ್ರೌರ್ಯವಲ್ಲ, ಸೀತೆಯ ಕೈ. ನೋಡುವವನು ಏನು ಮಾಡಬೇಕೆಂದಿರುವನೋ ಅದನ್ನು ಅವಳು ಚಿತ್ರದೊಳಗೇ ಮಾಡಿಬಿಟ್ಟಿದ್ದಾಳೆ. ಆದುದರಿಂದ ನೋಡುವ ಭಾರವು ಪೂರ್ತಿಯಾಗಿ ನಮ್ಮ ಮೇಲೆ ಬೀಳುತ್ತದೆ. ಭವಭೂತಿಯ ಸೀತೆಯು ಚಿತ್ರವನ್ನು ಕಂಡು ಬೆದರಿದಳು. ಇಲ್ಲಿಯ ಸೀತೆಯು ಚಿತ್ರದಲ್ಲಿಯೇ ಬೆದರಿ ನಿಂತಿದ್ದಾಳೆ. ಇಂತಹುದು ನಡುಮನೆಯ ಗೋಡೆಗೆ ತಕ್ಕುದಲ್ಲ. ಮನೆಯು ಸಭೆಯಾಗಿ, ಸಭೆಯು ಎಲ್ಲರದೂ ಆದ ಮೇಲೆ ಅದಕ್ಕೆ ಯೋಗ್ಯವಾದ ಸ್ಥಾನವು ದೊರೆತಿದೆ.

ರವಿವರ್ಮನ ಎಲ್ಲ ಚಿತ್ರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಸುಮಾರು 1889ರಲ್ಲಿ ಬರೆದ, ಹನ್ನೊಂದು ಮಂದಿ ಸ್ತ್ರೀಯರ ಗಾನಗೋಷ್ಠಿಯ ಪ್ರಸಿದ್ಧ ಚಿತ್ರವನ್ನು ತೆಗೆದುಕೊಳ್ಳೋಣ. ಬೇರೆ ಬೇರೆ ಪ್ರಾಂತಗಳ, ಬೇರೆ ಬೇರೆ ಉಡುಗೆಯ ಹೆಂಗಸರು ಒಂದೆಡೆ ಕಲೆತಿದ್ದಾರೆ. ಸೀರೆಯ ನಿರಿಗೆ, ಜರಿಯ ಅಂಚು, ಕಿವಿಯ ಓಲೆ, ಮೂಗಿನ ನತ್ತು ಇವುಗಳಲ್ಲಿ ಕುಂಚದ ನೈಪುಣ್ಯವು ಅಸಾಮಾನ್ಯವಾದುದು. ಆದರೆ ಹನ್ನೊಂದು ಮುಖಗಳಲ್ಲಿಯೂ ಹರಡಿರುವುದು ಒಂದೇ ಬಗೆಯ ಬೇಸರ. ಒಬ್ಬಳು ನುಡಿಸುತ್ತಿರಲು ಮತ್ತೊಬ್ಬಳು ಕೇಳುತ್ತಿರುವಳೆಂಬ ಭಾವನೆಯೇ ಹುಟ್ಟುವುದಿಲ್ಲ. ವಾದ್ಯಗಳುಂಟು, ನಾದವಿಲ್ಲ. ವಜ್ರನು ಮೂರ್ತಿಯನ್ನು ಮಾಡುವ ಕ್ರಮವನ್ನು ಕೇಳಿದಾಗ ಮಾರ್ಕಂಡೇಯನು, ಚಿತ್ರವನ್ನರಿಯದೆ ಮೂರ್ತಿಯಿಲ್ಲ, ನೃತ್ತವನ್ನರಿಯದೆ ಚಿತ್ರವಿಲ್ಲ, ವಾದ್ಯವನ್ನರಿಯದೆ ನೃತ್ತವಿಲ್ಲ, ಗೀತವನ್ನರಿಯದೆ ವಾದ್ಯವಿಲ್ಲ ಎಂಬ ಅಭಿಪ್ರಾಯದಿಂದ ಒಂದು ಸರಣಿಯನ್ನೇ ಹೇಳುತ್ತಾನೆ. ಗೀತವನ್ನೇ ವಸ್ತುವಾಗಿ ಪಡೆದ ಈ ಚಿತ್ರದಲ್ಲಿ ಆ ಸರಣಿಯ ಕೊಂಡಿಯು ಕಳಚಿಹೋಗಿದೆ. ಇದು ರವಿವರ್ಮನನ್ನು ಹಳಿಯುವ ಮಾತಲ್ಲ. ಜಟಾಯುವಧೆಯಲ್ಲಿ ಕಥೆಯು ಅವನ ಕೈಹಿಡಿದು ನಡೆಸಿತು. ಇಲ್ಲಿ ಕಥೆಯಿಲ್ಲದುದರಿಂದ ಉಡುಗೆತೊಡುಗೆಗಳೇ ವಸ್ತುವಾಗಿ ನಿಂತುವು.

ಇನ್ನು ಈ ಭವನಕ್ಕೆ ಹೋದವರೆಲ್ಲರೂ ಹುಡುಕಿಕೊಂಡು ಹೋಗುವ ದೀಪಧಾರಿಣಿಯ ಚಿತ್ರ. ಕತ್ತಲುಮಾಡಿದ ಎಡೆಯಲ್ಲಿ ಒಬ್ಬ ತರುಣಿ ದೀಪವನ್ನು ಹಿಡಿದು, ಗಾಳಿಗೆ ಆರದಂತೆ ಅಂಗೈಯನ್ನು ಮರೆಮಾಡಿ ನಿಂತಿದ್ದಾಳೆ. ಬೆರಳುಗಳ ಸಂದಿನಲ್ಲಿ ಕೆಂಪು ಬೆಳಕು ಹೊಮ್ಮುತ್ತಿದೆ. ಇದನ್ನು ರವಿವರ್ಮನದೆಂದು ಹೇಳುವ ರೂಢಿ ಅನೇಕರಲ್ಲಿದೆ. ಅದು ತಪ್ಪು. ರವಿವರ್ಮನು 1906ರಲ್ಲಿ ಕಾಲವಾದನು. ಈ ಚಿತ್ರವು ಸುಮಾರು ನಾಲ್ವತ್ತು ವರ್ಷಗಳ ಅನಂತರ, 1945-46ರ ಹೊತ್ತಿಗೆ, ಮಹಾರಾಷ್ಟ್ರದ ಸಾವಳಾರಾಮ ಲಕ್ಷ್ಮಣ ಹಳದಣಕರರು ತಮ್ಮ ಮಗಳನ್ನೇ ಮಾದರಿಯಾಗಿ ನಿಲ್ಲಿಸಿ ಬರೆದದ್ದು. ಇದು ತೈಲವರ್ಣದ ಚಿತ್ರವೆಂಬುದೂ ಭ್ರಾಂತಿಯೇ, ಇದು ಜಲವರ್ಣದ್ದು. ತೈಲದಲ್ಲಿ ತಪ್ಪಿದರೆ ಮೇಲೆ ಮತ್ತೊಂದು ಲೇಪವನ್ನು ಹಚ್ಚಿ ತಿದ್ದಬಹುದು. ಜಲವರ್ಣದಲ್ಲಿಯೋ, ಬೆಳಕೆಂಬುದು ಬಹುಮಟ್ಟಿಗೆ ಬಣ್ಣವನ್ನು ಹಚ್ಚುವುದರಿಂದಲ್ಲ, ಹಚ್ಚದೆ ಉಳಿಸಿಕೊಳ್ಳುವುದರಿಂದ ಬರುವಂಥದು. ಕಾಗದದ ಬಿಳುಪನ್ನು ಮೊದಲಿನಿಂದ ಕಡೆಯವರೆಗೂ ಕಾಪಾಡಿಕೊಂಡು ಬಂದ ಸಂಯಮವೇ ಆ ದೀಪದ ಬೆಳಕು. ಕರ್ತೃವಿನ ಹೆಸರನ್ನು ತಪ್ಪಾಗಿ ಹೇಳುವುದರಿಂದ ಹಳದಣಕರರಿಗೆ ಅನ್ಯಾಯವಾಗುವುದು ಒಂದು. ಈ ಸಂಯಮವು ನೋಡುವವನ ಗಮನಕ್ಕೇ ಬಾರದೆ ಹೋಗುವುದು ಇನ್ನೊಂದು. ಎರಡನೆಯ ನಷ್ಟವೇ ದೊಡ್ಡದು.

ಈ ಚಿತ್ರದ ಮುಂದೆ ನೆರೆಯುವ ಜನಸಂದಣಿಯನ್ನು ಕಂಡು ಕೆಲವು ಪಂಡಿತರು ಮೂಗುಮುರಿಯುವುದುಂಟು. ಬೆಳಕಿನ ಚಮತ್ಕಾರಕ್ಕೆ ಜನರು ಮರುಳಾಗುತ್ತಾರೆ, ಅದು ಅದ್ಭುತವೇ ಹೊರತು ರಸಪಾಕವಲ್ಲ ಎಂಬುದು ಅವರ ವಾದ. ಭವನದಲ್ಲಿರುವ ಫ್ರೆಂಚ್ ಗಡಿಯಾರದ ಮುಂದೆ, ಗಂಟೆಗೊಮ್ಮೆ ಸಾಲಾಗಿ ನಡೆಯುವಂತೆ ಯಂತ್ರಕ್ಕೆ ಅಳವಡಿಸಿದ ಗೊಂಬೆ ಸೈನಿಕರನ್ನು ನೋಡಲು ನಿಲ್ಲುವ ಮಕ್ಕಳ ಕುತೂಹಲವೂ ದೊಡ್ಡವರ ಈ ಕುತೂಹಲವೂ ಒಂದೇ ಜಾತಿಯದೆಂದು ಅವರು ಹೇಳಿಯಾರು. ಈ ವಾದದಲ್ಲಿ ಅರ್ಧ ಸತ್ಯವಿದೆ. ಆದರೆ ಮುಸ್ಸಂಜೆಯಲ್ಲಿ ದೀಪವನ್ನು ಹಚ್ಚಿ, ಅಂಗೈಯನ್ನು ಅಡ್ಡಹಿಡಿದು, ನಡುಮನೆಯಿಂದ ತುಳಸೀಕಟ್ಟೆಯವರೆಗೆ ನಡೆದುಹೋಗುವ ಹೆಣ್ಣು ಯಾರ ಮನೆಗೂ ಅಪರಿಚಿತಳಲ್ಲ. ನೋಡುವವನು ಅಲ್ಲಿ ತಾಯಿಯನ್ನೋ ಸೋದರಿಯನ್ನೋ ಕಾಣುತ್ತಾನೆ. ಚಿತ್ರಸೂತ್ರವು ಗೃಹಸ್ಥನ ಮನೆಗೆ ವಿಧಿಸಿದ ಶಾಂತರಸವೇ ಇದು. ಹಿಂದೆ ಮನೆಯಾಗಿದ್ದ ಈ ಭವನದಲ್ಲಿ ಇಂದಿಗೂ ಮನೆಯಾಗಿ ಉಳಿದಿರುವ ಎಡೆಯು ಆ ಕತ್ತಲಿನ ಮೂಲೆಯೊಂದೇ ಎಂದರೂ ಸಲ್ಲುತ್ತದೆ. ಜನರು ಅಲ್ಲಿ ನೆರೆಯುವುದಕ್ಕೆ ಅವರನ್ನು ಹಳಿಯಬೇಕಾಗಿಲ್ಲ.

ಹಳಿಯಬೇಕಾದುದು ಬೇರೊಂದಕ್ಕೆ. ದೀಪವನ್ನು ಕಂಡವರಲ್ಲಿ ಬಹುಮಂದಿ ಮೇಲಂತಸ್ತಿನ ರಂಗಮಹಲನ್ನು ಕಾಣುವಾಗ ಕಣ್ಣೂ ಕಾಲೂ ದಣಿದವರಾಗಿರುತ್ತಾರೆ. ಅಲ್ಲಿಯ ಗೋಡೆಗಳ ಮೇಲೆ ಮೈಸೂರು ಸಂಪ್ರದಾಯದ ಚಿತ್ರಗಾರರು ಬರೆದ ಭಿತ್ತಿಚಿತ್ರಗಳಿವೆ: ದಸರಾ ಮೆರವಣಿಗೆಯಿದೆ, ಮುಮ್ಮಡಿಯವರಿಗೆ ಪ್ರಿಯವಾಗಿದ್ದ ಆಟಗಳ ಚಿತ್ರಗಳಿವೆ, ಕಮಲದ ದಳಗಳಲ್ಲಿ ವಂಶದ ಅರಸರನ್ನು ನಿಲ್ಲಿಸಿ ಬರೆದ ಸಂತಾನಾಂಬುಜವಿದೆ. ದೇವತೆಗಳ ಧ್ಯಾನಗಳಿಂದ ಹಿಡಿದು ಆಟಗಳ ವಿಚಾರದವರೆಗೆ ಒಂಬತ್ತು ನಿಧಿಗಳಲ್ಲಿ ಶ್ರೀತತ್ತ್ವನಿಧಿಯನ್ನು ಸಂಗ್ರಹಿಸಿದ ಅರಸರ ಅಭಿರುಚಿಯು ಈ ಗೋಡೆಗಳಲ್ಲಿ ಸ್ಪಷ್ಟವಾಗಿದೆ. ಈ ಸಂಪ್ರದಾಯದ ರೇಖೆಯು ಸೂಕ್ಷ್ಮವಾದುದು. ಅದರ ಹಲಗೆಚಿತ್ರಗಳಲ್ಲಿ ಚಿನ್ನದ ರೇಕನ್ನು ಅಂಟಿಸುವ ಉಬ್ಬುಗೆಲಸವು ಕೂಡ ತಂಜಾವೂರಿನದರಂತೆ ದಪ್ಪವಾಗಿರದೆ, ಬೆರಳಿಗೆ ಮಾತ್ರ ತಿಳಿಯುವಷ್ಟು ತೆಳುವಾಗಿರುತ್ತದೆ. ರವಿವರ್ಮನ ನೆರಳುಬೆಳಕಿಗೆ ಒಗ್ಗಿದ ಕಣ್ಣಿಗೆ ಇದು ಮೊದಲು ಸಪ್ಪೆಯೆನಿಸುವುದು ಸಹಜ. ಸ್ವಲ್ಪ ಹೊತ್ತು ನಿಂತರೆ ಮಾತ್ರ ಅದು ಮಾತನಾಡತೊಡಗುತ್ತದೆ.

ಸಂತಾನಾಂಬುಜದ ಮುಂದೆ ನಿಂತವರು ಕಾಲವನ್ನು ಸ್ವಲ್ಪ ಎಣಿಸಿ ನೋಡಬೇಕು. ಮುಮ್ಮಡಿಯವರ ಕೈಯಿಂದ ರಾಜ್ಯದ ಆಡಳಿತವು 1831ರಲ್ಲಿಯೇ ಜಾರಿಹೋಗಿತ್ತು. ಈ ಭವನವನ್ನು ಕಟ್ಟಿಸಿದಾಗ ಅದು ಹೋಗಿ ಮೂವತ್ತು ವರ್ಷಗಳಾಗಿದ್ದುವು. ಉತ್ತರಾಧಿಕಾರಿಯಾದ ಔರಸಪುತ್ರನಿರಲಿಲ್ಲ. 1865ರಲ್ಲಿ ದತ್ತುಸ್ವೀಕಾರಮಾಡಿದರೂ ಬ್ರಿಟಿಷ್ ಸರಕಾರವು ಅದನ್ನು ಮನ್ನಿಸಿದ್ದು 1867ರಲ್ಲಿ. ಮರುವರ್ಷವೇ ಅವರು ಕಾಲವಾದರು. ರಾಜ್ಯವು ವಂಶಕ್ಕೆ ಮರಳಿ ಬಂದದ್ದು 1881ರಲ್ಲಿ. ಇಂತಹ ಅರಸರ ಮನೆಯಲ್ಲಿ, ತಮ್ಮ ಪೂರ್ವಿಕರೆಲ್ಲರನ್ನೂ ಒಂದು ಕಮಲದಲ್ಲಿ ಅರಳಿಸಿ ತೋರಿಸುವ ಚಿತ್ರವಿರುವುದನ್ನು ಆಡಂಬರವೆಂದು ಕರೆಯಲು ಯಾರಿಗೆ ಮನಸ್ಸು ಬಂದೀತು? ಅದೊಂದು ವಿಜ್ಞಾಪನೆ, ಒಂದು ಪ್ರಾರ್ಥನೆ. ಭವಭೂತಿಯ ಚಿತ್ರಭಿತ್ತಿಯಂತೆ ಇಲ್ಲಿಯೂ ಮನೆಯವರ ಕಥೆಯು ಮನೆಯ ಗೋಡೆಯಲ್ಲಿಯೇ ಇದೆ. ಕೆಳಗಿನ ಚಿತ್ರಗಳು ಎಲ್ಲಿಂದಲೋ ಬಂದು ಇಲ್ಲಿ ನೆಲೆಸಿದುವು. ನಾಳೆ ಬೇರೆಡೆಗೆ ಹೋದರೂ ಹೋದಾವು. ಈ ಗೋಡೆಯ ಚಿತ್ರಗಳಿಗೆ ಮಾತ್ರ ಬೇರೆ ನೆಲೆಯಿಲ್ಲ. ಗೋಡೆಯು ತೇವವನ್ನು ಹೀರಿದರೆ ಅವೂ ಹೀರುತ್ತವೆ. ಗೋಡೆಯು ಬಿರಿದರೆ ಅವೂ ಬಿರಿಯುತ್ತವೆ. ಅವುಗಳನ್ನು ಕಾಪಾಡುವುದೆಂದರೆ ಮನೆಯನ್ನೇ ಕಾಪಾಡುವುದು. ಸಾಲಿನಲ್ಲಿ ನಡೆದುಬಂದವನು ಅವುಗಳತ್ತ ಕಣ್ಣೆತ್ತದೆ ಇಳಿದುಹೋದರೆ, ಅವುಗಳಿಗಾಗಿ ಕೇಳುವವರು ಯಾರು?

ಇಲ್ಲಿ ಪೂರ್ವಪಕ್ಷವೊಂದನ್ನು ಎದುರಿಸಬೇಕು. ಚಿತ್ರಶಾಲೆಯೆಂಬುದು ಪರದೇಶದ ಪದ್ಧತಿ. ನೆಲೆಯಿಂದ ಕಿತ್ತ ಚಿತ್ರಗಳನ್ನು ಸಾಲಾಗಿ ತೂಗುಹಾಕುವುದು ಅವುಗಳಿಗೆ ಸಮಾಧಿ ಕಟ್ಟಿದಂತೆ. ಮೈಸೂರು, ಮೊಗಲ, ವಂಗ ಎಂದು ಎಲ್ಲ ಶೈಲಿಗಳನ್ನೂ ಒಂದೇ ಮಾಡಿನ ಕೆಳಗೆ ತಂದರೆ ಯಾವುದರ ರಸವೂ ನಿಲ್ಲದು ಎಂಬ ವಾದವುಂಟು. ಎರಡು ಸಾವಿರಕ್ಕೂ ಮಿಕ್ಕ ಚಿತ್ರಗಳಿರುವ ಭವನದಲ್ಲಿ ಅರ್ಧ ದಿನವನ್ನು ಕಳೆದವನಿಗೆ ಈ ವಾದವು ಹಿತವೆನಿಸುವುದೂ ಉಂಟು. ಆದರೆ ಇದಕ್ಕೆ ಸಮಾಧಾನವಿದೆ. ಅರಸನ ಸಭೆಯಲ್ಲಿ ಮಾತ್ರ ಇರುತ್ತಿದ್ದ ಚಿತ್ರಗಳನ್ನು ನೋಡುವ ಭಾಗ್ಯವು ಹಿಂದೆ ಎಷ್ಟು ಮಂದಿಗಿತ್ತು? ನಮ್ಮ ಅಜ್ಜಂದಿರು ರವಿವರ್ಮನನ್ನು ಅರಿತದ್ದು 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಅವನ ಮುದ್ರಣಾಲಯದಿಂದ ಬಂದ ಲಕ್ಷ್ಮೀ ಸರಸ್ವತಿಯರ ಪಟಗಳ ಮೂಲಕ. ದೇವರ ಗೂಡಿನಲ್ಲಿ ಆ ಪಟಗಳಿಗೆ ಕುಂಕುಮವಿಟ್ಟು ಬೆಳೆದವರು ಈ ಭವನಕ್ಕೆ ಬಂದಾಗ ಅಪರಿಚಿತರಾಗಿ ಬರಲಿಲ್ಲ. ಕುಮಾರವ್ಯಾಸನ ಉದ್ಯೋಗಪರ್ವವನ್ನು ಗಮಕಿಗಳ ಬಾಯಿಂದ ಕೇಳಿದವನಿಗೆ ಕೃಷ್ಣನ ರಾಯಭಾರದ ಚಿತ್ರವು ತನ್ನ ಮನೆಯ ಸಂಗತಿಯಂತೆಯೇ ಕಾಣುತ್ತಿತ್ತು. ನೋಡುವವನಿಗೂ ಚಿತ್ರಕ್ಕೂ ಇರಬೇಕಾದ ಬಾಂಧವ್ಯವನ್ನು ಕಟ್ಟುವುದು ಮನೆಯ ಒಡೆತನವಲ್ಲ, ಕಥೆಯ ಪರಿಚಯ. ಭವಭೂತಿಯ ಸೀತೆಗೆ ಆ ಕಥೆಯು ಬಾಳಿನಿಂದ ಬಂದಿತ್ತು. ನಮಗೆ ಅದು ಕಾವ್ಯದಿಂದ ಬರಬೇಕು.

ಆತಂಕವಿರುವುದೂ ಇಲ್ಲಿಯೇ. ಜಟಾಯುವಧೆಯ ಮುಂದೆ ಒಂದು ಕುಟುಂಬವು ನಿಂತಿದೆ ಎಂದಿಟ್ಟುಕೊಳ್ಳೋಣ. ಏಳೆಂಟು ವರ್ಷದ ಹುಡುಗನು ಕೇಳುತ್ತಾನೆ: “ಅಜ್ಜೀ, ಆ ಹಕ್ಕಿಗೆ ಯಾಕೆ ಹೊಡೀತಾನೆ?” ಅಜ್ಜಿಯು ಹೇಳುತ್ತಾಳೆ: “ಅಡ್ಡ ಬಂತಲ್ಲಪ್ಪ, ಅದಕ್ಕೆ. ವಯಸ್ಸಾಗಿತ್ತು ಪಾಪ, ಗೆಲ್ಲೋಲ್ಲ ಅಂತ ಗೊತ್ತಿತ್ತು. ಆದರೂ ಬಂತು.” ಇಷ್ಟನ್ನು ಕೇಳಿದ ಹುಡುಗನು ಆ ಚಿತ್ರವನ್ನು ನೋಡಿದನೆಂದು ಹೇಳಬಹುದು. ಚೌಕಟ್ಟಿನ ಕೆಳಗಿನ ಚೀಟಿಯು ಚಿತ್ರಕಾರನ ಹೆಸರನ್ನು ಹೇಳೀತು, ವರ್ಷವನ್ನು ಹೇಳೀತು. ಮುದುಕನಾದ ಪಕ್ಷಿಯು ಸೋಲನ್ನು ಬಲ್ಲೂ ಏಕೆ ಹಾರಿಬಂದಿತೆಂಬುದನ್ನು ಅದು ಹೇಳಲಾರದು. ಅಜ್ಜಿಯಿಲ್ಲದ, ಅಥವಾ ಇದ್ದರೂ ಕೇಳುವ ವ್ಯವಧಾನವಿಲ್ಲದ ಮನೆಯ ಮಗುವಿಗೆ ಅಲ್ಲಿ ಕಾಣುವುದು ಕತ್ತಿಯೂ ರಕ್ತವೂ ಮಾತ್ರ. ಹಾಗಾದ ದಿನ ಚಿತ್ರಕ್ಕೆ ಹುಳುವು ಹತ್ತದಿದ್ದರೂ, ಬಣ್ಣವು ಮಾಸದಿದ್ದರೂ, ಅದು ಮೂಕವಾಗುತ್ತದೆ. ಬಣ್ಣವನ್ನು ಕಾಪಾಡುವ ಹೊಣೆಯು ಭವನದವರದು. ಮಾತನ್ನು ಕಾಪಾಡುವ ಹೊಣೆಯು ಮನೆಮನೆಯದು. ಎರಡನೆಯದಕ್ಕೆ ಹಣವು ಬೇಕಿಲ್ಲ, ರಾತ್ರಿ ಊಟವಾದ ಮೇಲೆ ಅರ್ಧ ಗಂಟೆಯ ಬಿಡುವು ಬೇಕು.

ಆದುದರಿಂದ ಮೈಸೂರಿಗೆ ಪ್ರಯಾಣಮಾಡುವ ಗೃಹಸ್ಥರಿಗೆ ಕೆಲವು ಸೂಚನೆಗಳು ಅಪ್ರಸ್ತುತವಾಗಲಾರವು. ಹೋಗುವ ಮೊದಲು ಮನೆಯಲ್ಲಿ ಜಟಾಯುವಿನ ಪ್ರಸಂಗವನ್ನೂ ಕೃಷ್ಣಸಂಧಾನವನ್ನೂ ಮಕ್ಕಳಿಗೆ ಓದಿಹೇಳಬೇಕು. ಎಲ್ಲವನ್ನೂ ನೋಡುವ ಹಟವನ್ನು ಬಿಟ್ಟು ಐದಾರು ಚಿತ್ರಗಳನ್ನು ಆರಿಸಿಕೊಳ್ಳಬೇಕು. ಕಾಲಿನಲ್ಲಿ ಶಕ್ತಿಯಿರುವಾಗಲೇ ಮೊದಲು ರಂಗಮಹಲನ್ನು ಹತ್ತಿ ಸಂತಾನಾಂಬುಜವನ್ನು ಕಾಣಬೇಕು. ಆಮೇಲೆ ಇಳಿದುಬಂದು ರವಿವರ್ಮನನ್ನು, ಕಡೆಗೆ ದೀಪಧಾರಿಣಿಯನ್ನು ಕಂಡು ಹೊರಡಬೇಕು. ಘೋರವನ್ನು ಕಂಡ ಕಣ್ಣಿಗೆ ಶಾಂತವು ಕೊನೆಯದಾಗಿರುವುದು ಲೇಸು. ದೀಪದ ಮುಂದೆ ನಿಂತಾಗ ಹಳದಣಕರರ ಹೆಸರನ್ನು ಮಕ್ಕಳಿಗೆ ತಿಳಿಸುವುದನ್ನು ಮರೆಯಬಾರದು.

ನಡುನಡುವೆ ಎಲ್ಲಿಯಾದರೂ ಸ್ವಲ್ಪ ಹೊತ್ತು ಕುಳಿತುಕೊಳ್ಳುವುದಕ್ಕೂ ನಾಚಬೇಕಾಗಿಲ್ಲ. ಚಿತ್ರಗಳನ್ನು ನೋಡಿ ಮುಗಿಸುವ ವೇಳೆಗೆ ಸೀತೆಯೂ ದಣಿದಿದ್ದಳು. ರಾಮನ ತೋಳನ್ನೇ ದಿಂಬುಮಾಡಿಕೊಂಡು ನಿದ್ರೆಹೋದಳು.